ಮುನಿಯಕ್ಕನ ಮಿಲ್ಲು

“ಕಬ್ಬಿಣದ ತೂಕಕ್ಕೆ ಎಷ್ಟಾಗುತ್ತೋ ಅಷ್ಟೇ ಸಾರ್. ಮಿಷನ್ ಅಂತ ಬೇರೆ ರೇಟ್ ಕೊಡಕ್ಕಾಗಲ್ಲ,” ಎನ್ನುತ್ತಾ ಗುಜರಿ ಅಂಗಡಿಯವನು ಹಿಟ್ಟಿನ ಮಿಲ್ಲಿನ ಮೈಯನ್ನು ಸ್ಪ್ಯಾನರಿನಿಂದ ಟಣ್ ಎಂದು ಕುಟ್ಟಿದ.

ಸ್ಕೂಲ್ ಬ್ಯಾಗ್ ಹೊತ್ತು ಬಾಗಿಲಲ್ಲಿ ನಿಂತಿದ್ದ ರಂಜುವಿಗೆ ಆ ಏಟು ತನ್ನ ಬೆನ್ನಿಗೇ ಬಿದ್ದಂತಾಯಿತು.

ರಂಜುವಿನ ಪೂರ್ತಿ ಹೆಸರು ಶಿವರಂಜಿನಿ. ಐದನೇ ಕ್ಲಾಸು. ಚಾಮರಾಜಪೇಟೆಯ ಆ ಮಿಲ್ಲನ್ನು ಹಾಕಿದ್ದು ಅವಳ ತಾತ ರೇವಣಸಿದ್ದಯ್ಯ. ತಾತ ಹೋದ ಮೇಲೆ ಅಪ್ಪ ನಾಗಭೂಷಣ್ ನಡೆಸುತ್ತಿದ್ದರು. ಒಂದು ಕಾಲದಲ್ಲಿ ರಾಗಿ, ಗೋಧಿಯ ಡಬ್ಬಗಳು ಫುಟ್‌ಪಾತಿನವರೆಗೂ ಸಾಲಾಗಿ ನಿಲ್ಲುತ್ತಿದ್ದವಂತೆ. ಈಗ ಬೆಳಿಗ್ಗೆ ಸ್ವಲ್ಪ ಹೊತ್ತು ಬೆಲ್ಟ್ ತಿರುಗಿದರೆ ಮುಗಿಯಿತು. ಆಮೇಲೆ ಅಪ್ಪ ಪೇಪರ್ ಓದುತ್ತಾ ಕೂರುತ್ತಿದ್ದರು. ಮೂಲೆಯಲ್ಲಿ ಮಿಲ್ಲಿನ ಕೆಲಸದ ಮುನಿಯಕ್ಕ, ಇಲ್ಲದ ಹಿಟ್ಟನ್ನೇ ಗುಡಿಸುತ್ತಿದ್ದಳು.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ವಿಷಯ ಹೇಳಿದರು. ಕರೆಂಟ್ ಬಿಲ್, ಬಾಡಿಗೆ ಎರಡೂ ಏರುತ್ತಿವೆ, ಗಿರಾಕಿಗಳು ಮಾತ್ರ ಕಡಿಮೆಯಾಗುತ್ತಿದ್ದಾರೆ. ಮುಂದಿನ ಭಾನುವಾರ ಮಿಷನ್ ಹೋಗುತ್ತದೆ. ಅಪ್ಪ ಪರಿಚಯದವರೊಬ್ಬರ ಗೋಡೌನಿನಲ್ಲಿ ಕೆಲಸಕ್ಕೆ ಸೇರುತ್ತಾರೆ.

“ಗಿರಾಕಿಗಳನ್ನ ನಾನು ಕರ್ಕೊಂಡು ಬರ್ತೀನಿ. ಆಗ ಮಾರಲ್ಲ ತಾನೇ?” ಎಂದಳು ರಂಜು.

ಅಪ್ಪ ಅನ್ನವನ್ನು ಕಲಸುತ್ತಲೇ ಇದ್ದರು.

ಶನಿವಾರ ಸ್ಕೂಲ್ ಬಿಟ್ಟ ಕೂಡಲೇ ರಂಜು ಬೀದಿಯ ಮನೆಗಳಿಗೆಲ್ಲ ಹೋದಳು. ಮೂಲೆಮನೆಯ ಸರಸ್ವತಮ್ಮ ಅವಳನ್ನು ಒಳಗೆ ಕೂರಿಸಿ ಚಕ್ಕುಲಿ ಕೊಟ್ಟರು. ನಿಮ್ಮ ಮಿಲ್ಲಿನ ಹಿಟ್ಟಿನ ರುಚಿ ಪ್ಯಾಕೆಟ್ಟಿಗೆ ಎಲ್ಲಿಂದ ಬರಬೇಕು ಎಂದರು. ಆದರೆ ರಾಗಿ ತೊಳೆದು, ಒಣಗಿಸಿ, ಹೊತ್ತು ತರುವುದಕ್ಕೆ ತಮ್ಮ ಮಂಡಿ ಕೇಳುವುದಿಲ್ಲ ಎಂದೂ ಸೇರಿಸಿದರು. ಉಳಿದ ಮನೆಗಳಲ್ಲೂ ಹೆಚ್ಚುಕಮ್ಮಿ ಹೀಗೇ ಆಯಿತು. ಎಲ್ಲರಿಗೂ ತಾತನ ನೆನಪಿತ್ತು. ಎಲ್ಲರ ಅಡುಗೆಮನೆಯಲ್ಲೂ ಪ್ಯಾಕೆಟ್ ಇತ್ತು.

ಕೊನೆಗೆ ಅವಳು ಹೋದದ್ದು ಕ್ಲಾಸಿನ ಗೆಳೆಯ ಸ್ವರೂಪನ ಫ್ಲ್ಯಾಟಿಗೆ. ಸ್ವರೂಪ್ ಖುಷಿಯಿಂದ ಅವಳನ್ನು ಎಳೆದುಕೊಂಡು ಹೋಗಿ ಬಾಲ್ಕನಿಯಲ್ಲಿದ್ದ ಬಿಳಿ ಪೆಟ್ಟಿಗೆಯೊಂದನ್ನು ತೋರಿಸಿದ.

“ಇದೂ ಮಿಲ್ಲೇ ಕಣೆ. ಗೋಧಿ ಹಾಕಿ ಸ್ವಿಚ್ ಒತ್ತಿದ್ರೆ ಆಯ್ತು. ಅಮ್ಮ ಈಗ ಎಲ್ಲಿಗೂ ಹೋಗಲ್ಲ.”

ರಂಜು ಪೆಟ್ಟಿಗೆಗೆ ಬೆನ್ನು ತಿರುಗಿಸಿದಳು. “ನಿಮ್ಮಂಥೋರಿಂದ್ಲೇ ನಮ್ಮ ಮಿಲ್ ಮುಚ್ತಿರೋದು,” ಎಂದವಳೇ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಏನಾಯಿತೆಂದು ತಿಳಿಯದೆ ಸ್ವರೂಪ್ ಬಾಗಿಲಲ್ಲೇ ನಿಂತ.

ಮಿಲ್ಲಿನಲ್ಲಿ ಅಪ್ಪ ಇರಲಿಲ್ಲ. ಮುನಿಯಕ್ಕ ಒಬ್ಬಳೇ ಮೊರದಲ್ಲಿ ರಾಗಿ ಕೇರುತ್ತಿದ್ದಳು. ರಂಜು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಅವಳು ಅಲ್ಲಿ ಕೇರುತ್ತಾ, ಜರಡಿ ಹಿಡಿಯುತ್ತಾ ಇದ್ದವಳು. ರಂಜು ಅವಳ ಪಕ್ಕದಲ್ಲಿ ಕುಕ್ಕರಿಸಿ ಸ್ವರೂಪನ ಮನೆಯ ಪೆಟ್ಟಿಗೆಯನ್ನು ಬಾಯಿಗೆ ಬಂದಂತೆ ಬೈದಳು.

ಮುನಿಯಕ್ಕ ಮೊರ ಕೆಳಗಿಟ್ಟಳು.

“ನಿಮ್ ತಾತ ಈ ಮಿಷನ್ ತಂದಾಗ ನಾನು ನಿನ್ನಷ್ಟೇ ಇದ್ದೆ ಕಣವ್ವ. ನಮ್ಮವ್ವ ಮನೆಮನೆಗೆ ಹೋಗಿ ರಾಗಿ ಬೀಸ್ತಿದ್ಲು. ಅಂಗೈ ತುಂಬ ಬೊಬ್ಬೆ. ಕೂಲಿಗೆ ಅಂತ ಒಂದಿಷ್ಟು ಹಿಟ್ಟು ಕೊಡೋರು. ಮಿಷನ್ ಬಂತಲ್ಲ, ಬೀಸೋಕೆ ಬಾ ಅಂತ ಯಾರೂ ಕರೀಲಿಲ್ಲ.”

ರಂಜು ತಲೆಯೆತ್ತಿದಳು. “ಆಮೇಲೆ?”

“ಆಮೇಲೇನು? ಅವ್ವನ ಬೊಬ್ಬೆ ವಾಸಿಯಾಯ್ತು. ಒಲೆ ಮೇಲೆ ಇಡೋಕೆ ಮಾತ್ರ ಏನೂ ಇರ್ಲಿಲ್ಲ. ಇದೇ ಬಾಗಿಲ ಮುಂದೆ ನಿಂತು ನಿಮ್ ತಾತಂಗೆ ಶಾಪ ಹಾಕಿದ್ಲು.”

“ತಾತಂಗಾ?”

“ಹೂಂ. ಅವರು ಬೈಲಿಲ್ಲ. ಸ್ವಲ್ಪ ದಿನ ಬಿಟ್ಟು ಕರೆದು ಅವ್ವಂಗೆ ಜರಡಿ ಹಿಡಿಯೋ ಕೆಲಸ ಕೊಟ್ರು, ಅವಳಾದ್ಮೇಲೆ ನನಗೆ. ಆದ್ರೆ ಬೀಸೋರು ನಮ್ ಕೇರಿ ತುಂಬ ಇದ್ರು. ಮಿಲ್ಲಲ್ಲಿ ಕೆಲಸ ಇದ್ದಿದ್ದು ಒಬ್ಬಳಿಗೆ.”

ಉಳಿದವರು ಏನು ಮಾಡಿದರು ಎಂದು ರಂಜು ಕೇಳಿದಳು. ಮುನಿಯಕ್ಕ ಒಬ್ಬೊಬ್ಬರ ಹೆಸರನ್ನೂ ಹೇಳಲು ಹೊರಟು, ಎರಡು ಹೆಸರಿಗೇ ನಿಲ್ಲಿಸಿ, ಮತ್ತೆ ಮೊರ ಎತ್ತಿಕೊಂಡಳು.

ಗೋಡೆಯ ಫೋಟೋದಲ್ಲಿ ತಾತ ಎಂದಿನಂತೆ ವಿಭೂತಿ ಹಚ್ಚಿಕೊಂಡು ನಗುತ್ತಿದ್ದರು. ರಂಜು ಆ ಮುಖವನ್ನು ಬಹಳ ಹೊತ್ತು ನೋಡಿದಳು. ತಾತನಿಗೆ ಯಾರಾದರೂ ಶಾಪ ಹಾಕಿರಬಹುದೆಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ.

ಭಾನುವಾರ ಟೆಂಪೋ ಬಂತು. ಹಗ್ಗ ಕಟ್ಟಿ, ಹಲಗೆ ಹಾಸಿ ನಾಲ್ಕು ಜನ ಮಿಷನ್ನನ್ನು ಜಾರಿಸಿದರು. ಮಿಷನ್ ಇದ್ದ ಕಡೆ ನೆಲದಲ್ಲಿ ಚೌಕಾಕಾರದ ಕಪ್ಪು ಗುರುತು ಉಳಿಯಿತು. ಅಪ್ಪ ಅದರ ಹತ್ತಿರ ಹೋಗಿ, ಏನೋ ಹುಡುಕುವವರಂತೆ ಬಗ್ಗಿ ನೋಡಿ, ಹಾಗೇ ಹೊರಗೆ ಬಂದರು. ಅವರ ಕಣ್ಣು ಕೆಂಪಾಗಿತ್ತು.

ಎದುರು ಫುಟ್‌ಪಾತಿನಲ್ಲಿ ಸ್ವರೂಪ್ ನಿಂತಿದ್ದ. ಬರಬೇಕೋ ಬೇಡವೋ ಎಂದು ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದಕ್ಕೆ ಸರಿಯುತ್ತಿದ್ದ. ರಂಜು ಕೈಬೀಸಿ ಕರೆದಳು. ಅವನು ರಸ್ತೆ ದಾಟಿ ಬಂದು ಅವಳ ಪಕ್ಕ ನಿಂತ.

ಟೆಂಪೋ ತಿರುವಿನಲ್ಲಿ ಮರೆಯಾಯಿತು. ಅಪ್ಪ ಶಟರ್ ಎಳೆದರು. ಬೀದಿಯವರು ಅಪ್ಪನ ಭುಜ ತಟ್ಟಿ, ಏನು ಮಾಡೋದು ಕಾಲ ಹಾಗಿದೆ ಎಂದು ಸಮಾಧಾನ ಹೇಳಿ ಒಬ್ಬೊಬ್ಬರಾಗಿ ಹೊರಟರು.

ಮುನಿಯಕ್ಕನ ಹತ್ತಿರ ಯಾರೂ ಹೋಗಿರಲಿಲ್ಲ. ಅವಳು ಕರೆಂಟ್ ಕಂಬದ ಪಕ್ಕ ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಅವಳ ತಲೆಗೂದಲಲ್ಲಿ ಯಾವಾಗಲೂ ಇರುತ್ತಿದ್ದ ಹಿಟ್ಟಿನ ಧೂಳು ಇವತ್ತು ಇರಲಿಲ್ಲ. ಕೂದಲು ಅಷ್ಟೊಂದು ಬೆಳ್ಳಗಾಗಿದೆ ಎಂದು ರಂಜುವಿಗೆ ಆಗಲೇ ಗೊತ್ತಾದದ್ದು.

ವಾರವಿಡೀ ರಂಜು ಅತ್ತಿದ್ದು ಮಿಷನ್ನಿಗಾಗಿ ಮಾತ್ರ. ಮೆಲ್ಲಗೆ ಹತ್ತಿರ ಹೋದಳು.

“ನಾಳೆಯಿಂದ ಎಲ್ಲಿಗೆ ಹೋಗ್ತೀಯ ಮುನಿಯಕ್ಕ?”

ಮುನಿಯಕ್ಕ ರಸ್ತೆಯ ಕಡೆ ನೋಡಿದಳು. “ಗೊತ್ತಿಲ್ಲ ಕಣವ್ವ,” ಎಂದಳು. “ನೀನೊಬ್ಬಳೇ ಕೇಳಿದ್ದು.”

ರಂಜು ಅವಳ ಕೈಯಿಂದ ಚೀಲ ತೆಗೆದುಕೊಂಡಳು. ಬಸ್‌ಸ್ಟಾಪಿನವರೆಗೂ ಇಬ್ಬರೂ ನಿಧಾನವಾಗಿ, ಮುನಿಯಕ್ಕನ ನಡಿಗೆಯಲ್ಲೇ ನಡೆದರು.