ಮಲ್ಲಾಜಿ ಬರೆದ ಆನೆಗಳು

ದೇವರು ಮಣ್ಣಿನ ಮಾತನ್ನೂ ಕೇಳುತ್ತಿದ್ದ ಕಾಲದಲ್ಲಿ, ಹೇಮಗಿರಿಯೆಂಬ ರಾಜ್ಯದಲ್ಲಿ ಮಲ್ಲಾಜಿ ಎಂಬ ಚಿತ್ರಗಾರ್ತಿ ಇದ್ದಳು. ಗಂಡ ಬೊಮ್ಮಯ್ಯ ಬಣ್ಣ ಅರೆಯುತ್ತಿದ್ದ, ಅವಳು ಗೋಡೆಯ ಮೇಲೆ ಬರೆಯುತ್ತಿದ್ದಳು. ಅವರ ಕುಲಕ್ಕೆ ಒಂದು ಕಟ್ಟಳೆಯಿತ್ತು. ಕಣ್ಣನ್ನು ಕಟ್ಟಕಡೆಗೆ ಬರೆಯಬೇಕು, ಅದೂ ಉಪವಾಸವಿದ್ದು, ದೇವರ ಹೆಸರು ಹೇಳಿ. ಮಲ್ಲಾಜಿ ಹಾಗೆ ಕಣ್ಣಿಟ್ಟರೆ ಬರೆದದ್ದಕ್ಕೆ ಜೀವ ಬರುತ್ತಿತ್ತು. ಅದಕ್ಕೇ ಅವಳು ಹಸು ಹಕ್ಕಿಗಳನ್ನಷ್ಟೇ ಬರೆಯುತ್ತಿದ್ದಳು.

ಅರಸನಿಗೆ ಮಾಯೆ ಕವಿಸಿ ಅವನ ಗುರುವಾಗಿ ಸೇರಿಕೊಂಡಿದ್ದ ಧೂಮಾಕ್ಷನೆಂಬ ಮಾಂತ್ರಿಕನ ಕಿವಿಗೆ ಇದು ಬಿತ್ತು. ಅವನು ಬೊಮ್ಮಯ್ಯನನ್ನು ಹಿಡಿಸಿ ನೆಲಮಾಳಿಗೆಗೆ ಹಾಕಿಸಿದ, ಮಲ್ಲಾಜಿಯನ್ನು ಕರೆಸಿದ.

"ಮೂರು ಗೋಡೆಗೆ ಮೂರು ಯುದ್ಧ ಬರೆದುಕೊಡು. ಗಂಡನನ್ನು ಕರಕೊಂಡು ಹೋಗು."

"ನಾನು ದೇವರ ಹೆಸರು ಹೇಳಿ ಕಣ್ಣಿಡುವವಳು, ಸ್ವಾಮಿ."

"ಹೇಳು. ಬೇಡ ಅಂದವರು ಯಾರು?"

ಮೊದಲ ಗೋಡೆಗೆ ನೂರು ಆನೆ ಬರೆದಳು. ಉಪವಾಸವಿದ್ದು ಕಣ್ಣಿಟ್ಟಳು. ಆನೆಗಳು ಗೋಡೆಯಿಂದಿಳಿದು ಹೋಗಿ ಪಕ್ಕದ ತೊರೆಯೂರನ್ನು ತುಳಿದುಬಂದವು.

"ನನ್ನ ಗಂಡ?"

"ಇನ್ನೆರಡು ಗೋಡೆ ಇದೆ."

ಎರಡನೆಯ ಗೋಡೆಗೆ ಸಾವಿರ ಕುದುರೆ ಬರೆದಳು. ಅವು ಗಡಿಯ ಹೊಲಗಳನ್ನೆಲ್ಲ ತುಳಿದುಬಂದವು.

"ನನ್ನ ಗಂಡ?"

"ಇನ್ನೊಂದೇ ಅಲ್ಲವೇ, ತಾಯಿ."

ಮೂರನೆಯದು ಕಾಲಾಳುಗಳ ಗೋಡೆ. ಕೊಲ್ಲುವವನ ಮುಖ ಹೇಗಿರುತ್ತದೆಂದು ಮಲ್ಲಾಜಿ ಕಂಡವಳಲ್ಲ. ಯುದ್ಧದ ನೆಲವನ್ನಾದರೂ ನೋಡಿ ಬರೋಣವೆಂದು ತೊರೆಯೂರಿಗೆ ಹೋದಳು. ಅಲ್ಲಿ ಕೆಂಚವ್ವ ಎಂಬ ಮುದುಕಿ ಬಿದ್ದ ಗೋಡೆಯ ಕಲ್ಲುಗಳನ್ನು ಆಯುತ್ತಿದ್ದಳು.

"ಯಾರನ್ನು ಹುಡುಕ್ತೀಯೇ?"

"ಯಾರನ್ನೂ ಇಲ್ಲ, ಅವ್ವ. ನೋಡಿ ಹೋಗೋಕೆ ಬಂದೆ."

"ನೋಡು, ನೋಡು. ಬೇಕಾದಷ್ಟಿದೆ." ಮುದುಕಿ ಕೈಯ ಧೂಳು ಕೊಡವಿದಳು. "ಇಲ್ಲೇ ಒಬ್ಬ ನಿಂತಿದ್ದ. ನೆಲಮಾಳಿಗೆಯಿಂದ ತಪ್ಪಿಸಿಕೊಂಡು ಬಂದವನಂತೆ, ಬೊಮ್ಮಯ್ಯ ಅಂತ. ಆನೆಗಳು ಬಂದಾಗ ಓಡಬಲ್ಲವರೆಲ್ಲ ಓಡಿದೆವು, ಅವನು ಓಡಲಿಲ್ಲ. 'ಸೊಂಡಿಲಿನ ಗೆರೆ ನೋಡಿ, ಇವು ನನ್ನ ಹೆಂಡತಿ ಬರೆದವು, ನನ್ನನ್ನು ತುಳಿಯೋದಿಲ್ಲ' ಅಂದ."

ಮಲ್ಲಾಜಿ ಕಲ್ಲಿನ ಮೇಲೆ ಕುಳಿತಳು. "ತುಳಿದವಾ?"

"ಆನೆಗೇನು ಗೊತ್ತು, ಮಗಳೇ."

ಅವಳು ಮೂರನೆಯ ಗೋಡೆಗೆ ಕಾಲಾಳುಗಳನ್ನು ಬರೆಯಲಿಲ್ಲ. ತೊರೆಯೂರಿನಲ್ಲಿ ಸತ್ತವರನ್ನು, ಕೆಂಚವ್ವನನ್ನು ಕೇಳಿ ತಿಳಿದ ಗುರುತಿನಂತೆ, ಒಬ್ಬೊಬ್ಬರನ್ನಾಗಿ ಬರೆದಳು. ಉಪವಾಸವಿದ್ದು, ದೇವರ ಹೆಸರು ಹೇಳಿ ಕಣ್ಣಿಟ್ಟಳು. ಅವರು ಇಳಿದುಬಂದು ಧೂಮಾಕ್ಷನ ಸುತ್ತ ನಿಂತರು. ಯಾರೂ ಕೈ ಎತ್ತಲಿಲ್ಲ, ಸುಮ್ಮನೆ ನೋಡಿದರು. ಮಾಂತ್ರಿಕನ ಬಾಯಿಗೆ ಒಂದು ಮಂತ್ರವೂ ಬರಲಿಲ್ಲ. ನಿಂತಲ್ಲೇ ಹೊಗೆಯಾಗಿ ಹೋದ. ಆನೆ ಕುದುರೆಗಳು ಉದುರಿ ಮಣ್ಣಾದವು.

ಬಂದವರು ಗೋಡೆಗೆ ಮರಳಿದರು. ಬೊಮ್ಮಯ್ಯನೂ ಮರಳಿದ. ಮಲ್ಲಾಜಿಯ ಮುಂದೆಯೇ ಹಾದುಹೋದ, ನಿಲ್ಲಲಿಲ್ಲ.

ಅರಸನಿಗೆ ಕವಿದಿದ್ದ ಮಾಯೆ ಹರಿಯಿತು. ಊರೂರಲ್ಲಿ ದೀಪ ಹಚ್ಚಿದರು, ಪಾಯಸ ಹಂಚಿದರು. ಮಲ್ಲಾಜಿ ಮಾತ್ರ ತೊರೆಯೂರಿಗೆ ನಡೆದಳು.

"ಆ ಆನೆಗಳು ನನ್ನವು, ಅವ್ವ."

ಕೆಂಚವ್ವ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟಳು.

"ಅಳೋಕೆ ಬಂದೆಯೋ, ಕೆಲಸಕ್ಕೆ ಬಂದೆಯೋ?"

"ಕೆಲಸಕ್ಕೆ."

"ಹಾಗಾದ್ರೆ ಮಣ್ಣು ಕಲಸು."

ತೊರೆಯೂರಿನ ಮನೆಗಳು ಮತ್ತೆ ಎದ್ದವು. ದೇವರು ಆ ನಾಡಿನವರನ್ನೆಲ್ಲ ಸುಖವಾಗಿಟ್ಟ. ಮಲ್ಲಾಜಿಗೆ ಕೈತುಂಬ ಕೆಲಸ ಕೊಟ್ಟ.