ಹೆಸರಿಲ್ಲದ ಮೂರನೆಯದು

ಇದು ನಡೆದದ್ದು ಹಾಡಹಗಲೇ, ಊಟದ ಹೊತ್ತಿನಲ್ಲಿ. ಮರುದಿನದಿಂದ ಆಂಬ್ಯುಲೆನ್ಸ್ ಕರೆಗಳನ್ನು ನೋಡಿಕೊಳ್ಳಬೇಕಿದ್ದ ಎರಡು ಸರ್ವರ್‌ಗಳನ್ನು ಜೋಡಿ ಮಾಡಿದ್ದೆವು. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ಎತ್ತಿಕೊಳ್ಳಬೇಕು. ಅವುಗಳ ಮೇಲೆ ಕಣ್ಣಿಡುವ ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಮನ್ನು ನಾನೇ ಬರೆದು ಅವುಗಳೊಳಗೇ ಕೂರಿಸಿದ್ದೆ. ಅದರ ಪಟ್ಟಿಗೆ ಕೊಟ್ಟಿದ್ದು ಎರಡೇ ಹೆಸರು, ಆ ಸರ್ವರ್‌ಗಳದ್ದು. ಒಂದೊಂದನ್ನೂ ಕೂಗಿ ನೋಡಿ, ಉತ್ತರ ಬಂದರೆ ‘ಇದೆ’, ಬಾರದಿದ್ದರೆ ‘ಇಲ್ಲ’ ಎಂದು ನನ್ನ ಪರದೆಗೆ ಕಳಿಸುವುದಷ್ಟೇ ಅದರ ಕೆಲಸ.

ಅಂದು ಮೂರು ಸಾಲು ಬಂದವು. ಮೂರನೆಯದರಲ್ಲಿ ಹೆಸರಿನ ಜಾಗ ಖಾಲಿ. ಅದರ ಮುಂದೆ ‘ಇದೆ’.

“ಕಣ್ತಪ್ಪಿ ಪಟ್ಟಿಗೆ ಎಲ್ಲೋ ಒಂದು ಖಾಲಿ ಹೆಸರು ಸೇರಿಸಿದ್ದೀಯ ನೋಡು,” ಎಂದರು ನಮ್ಮ ಟೀಮಿನ ಹಿರಿಯ ಮೇಡಂ.

“ಸೇರಿಸಿದ್ರೂ, ಖಾಲಿ ಹೆಸರಿಗೆ ಓಗೊಟ್ಟಿದ್ದು ಯಾರು ಮೇಡಂ?”

ಇಬ್ಬರೂ ಸರ್ವರ್ ಕೋಣೆಗೆ ಹೋಗಿ ಎರಡರ ಪವರ್ ಕೇಬಲನ್ನೂ ಕಿತ್ತೆವು. ಫ್ಯಾನುಗಳ ಸದ್ದು ಅಡಗಿತು. ಎಸಿಯ ಕೊರೆಯುವ ಚಳಿಯಲ್ಲಿ, ಎರಡು ಸರ್ವರ್‌ಗಳ ನಡುವಿನ ಖಾಲಿ ಜಾಗದಿಂದ ಬೆಚ್ಚನೆಯ ಗಾಳಿ ನನ್ನ ಮೊಣಕೈಗೆ ತಾಗಿತು, ನಿಂತಿತು, ಮತ್ತೆ ತಾಗಿತು.

“ನಿಮಗೂ ಗೊತ್ತಾಗ್ತಿದ್ಯಾ?”

“ಹೊರಗೆ ನಡಿ,” ಎಂದರು.

ಹೊರಗೆ ನನ್ನ ಪರದೆಯ ಮೇಲೆ ಹೊಸ ವರದಿ ಬಂದಿತ್ತು. ಮೊದಲನೆಯದು ಇಲ್ಲ. ಎರಡನೆಯದು ಇಲ್ಲ. ಹೆಸರಿಲ್ಲದ್ದು ಇದೆ.

ಅದನ್ನು ಕಳಿಸಬೇಕಾದ ಏಜೆಂಟ್ ಇದ್ದದ್ದು ನಾವು ಕೇಬಲ್ ಕಿತ್ತ ಆ ಎರಡು ಸರ್ವರ್‌ಗಳೊಳಗೆ ಮಾತ್ರ.