ಚಿಗರಿ ಶೂಟಿಂಗು

ತಪ್ಪು ನಡೆದದ್ದು ಒಂದೇ ಒಂದು ಮಾತಿನಲ್ಲಿ. ಅದನ್ನು ತಿದ್ದಲು ವೀರಣ್ಣನಿಗೆ ಮೂರು ತಿಂಗಳು ಬೇಕಾಯಿತು.

೧೯೮೬ರ ಮೇ ತಿಂಗಳು. ಪರದೇಶದ ಮೆನ್ಲೋ ಪಾರ್ಕ್ ಎಂಬ ಊರಿನ ಸರ್ಕಾರಿ ಮ್ಯಾಪ್ ಆಫೀಸಿಗೆ ಬಂದವನು, ಕೌಂಟರಿನಲ್ಲಿದ್ದವಳ ಎದೆಯ ಮೇಲಿನ ಹೆಸರು ಓದಿ ಇಂಗ್ಲಿಷನ್ನೇ ಮರೆತ. ಮೈಥಿಲಿ.

"ಕನ್ನಡದವ್ರೇನ್ರಿ?"

"ಮೈಸೂರು. ನೀವು ಧಾರವಾಡದ ಕಡೆ, ಕೇಳೋದೇ ಬೇಡ," ಎಂದು ನಕ್ಕಳು. "ಯಾವ ಮ್ಯಾಪ್ ಬೇಕು?"

"ಮೋಡಾಕ್ ಕೌಂಟಿದು. ಯಾರು ಬೇಕಾದ್ರೂ ಹೋಗಬಹುದಾದ ಸರ್ಕಾರಿ ಜಮೀನು ಎಲ್ಲೆಲ್ಲಿ ಐತಿ, ಅದು ಬೇಕ್ರಿ. ಅಲ್ಲಿ ಚಿಗರಿ ಅದಾವು, ಜಿಂಕಿ ಜಾತಿವು. ಪ್ರಾಂಗ್‌ಹಾರ್ನ್ ಅಂತಾರ. ಶೂಟಿಂಗಿಗೆ ಹೊಂಟೇನಿ."

ಅವಳ ಕಣ್ಣು ಅರಳಿತು. "ಶೂಟಿಂಗಾ! ಯಾವ ಕ್ಯಾಮೆರಾ?"

ನಮ್ಮವರಿಗೆ ಶೂಟಿಂಗ್ ಎಂದರೆ ಸಿನಿಮಾದ್ದೇ. ಬಂದೂಕು ಯಾರ ತಲೆಗೂ ಬರುವುದಿಲ್ಲ. ಆಗಲೇ ಹೇಳಿಬಿಡಬಹುದಿತ್ತು. ಆದರೆ ಆ ಕಣ್ಣು ನೋಡುತ್ತ ಅವನ ಬಾಯಿಂದ ಬಂದದ್ದು, "ಇನ್ನೂ ತಗೊಂಡಿಲ್ರಿ."

ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆಯವನು, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಬೇಟೆಗೆ ಹೊರಟದ್ದಾದರೂ ಯಾಕೆ? ಬಡಾಯಿ, ಮತ್ತೇನು. ರೆಡ್‌ವುಡ್ ಸಿಟಿಯ ತನ್ನ ಆಫೀಸಿನಲ್ಲಿ, ಬೇಟೆಯ ಹುಚ್ಚಿನ ಸಹೋದ್ಯೋಗಿ ಟಾಮ್ ಅವನ ಚಪಾತಿ ಪಲ್ಯದ ಡಬ್ಬಿ ನೋಡಿ ನಕ್ಕಾಗ, ತನ್ನ ಅಜ್ಜ ದೊಡ್ಡ ಶಿಕಾರಿ ಎಂದುಬಿಟ್ಟಿದ್ದ. ಅಜ್ಜ ಇರುವೆ ಗೂಡಿಗೆ ಸಕ್ಕರೆ ಹಾಕುತ್ತಿದ್ದವರು! ಟಾಮ್ ಬೆನ್ನು ತಟ್ಟಿ, ಈ ಸಲ ಬೇಟೆಗೆ ಜೊತೆಯಾಗಿ ಹೋಗೋಣ ಎಂದ. ಹೇವರ್ಡಿನಲ್ಲಿ ಎರಡು ಶನಿವಾರ ಬಂದೂಕಿನ ಕ್ಲಾಸಾಯಿತು, ಬೇಟೆಯ ಪರವಾನಗಿಯನ್ನು ಚೀಟಿ ಎತ್ತಿ ಕೊಡುವ ಲಾಟರಿಗೆ ಅರ್ಜಿಯೂ ಹೋಯಿತು.

ಅಲ್ಲಿಂದ ಪ್ರತಿ ಶುಕ್ರವಾರ ಮ್ಯಾಪಿನ ನೆಪ. ಮೈಥಿಲಿ ಲೈಬ್ರರಿ ಪುಸ್ತಕ ಓದಿಕೊಂಡೇ ಬರುತ್ತಿದ್ದಳು.

"ಏನ್ ಓಟ ಓಡತ್ತೆ ಅಂತೀರಿ! ಆದ್ರೆ ಬೇಲಿ ಹಾರಲ್ವಂತೆ, ಕೆಳಗೆ ನುಸುಳತ್ತಂತೆ. ಥೇಟ್ ನಿಮ್ಮ ಹಾಗೆ."

"ನಾ ಎಲ್ಲಿ ನುಸುಳೇನ್ರಿ?"

"ಮಾತಲ್ಲಿ. ನೇರವಾಗಿ ಏನಾದ್ರೂ ಕೇಳಿದ್ರೆ ಸಾಕು," ಎಂದು ಓರೆಗಣ್ಣಲ್ಲಿ ನೋಡಿದಳು.

ಅವನ ಕಿವಿ ಕೆಂಪಾಯಿತು. ಅವಳು ಅದನ್ನು ಬೇರೆಯೇ ಅರ್ಥದಲ್ಲಿ ತೆಗೆದುಕೊಂಡು, ತಾನೂ ಕೆಂಪಾಗಿ, ಮ್ಯಾಪಿನ ಮೇಲೆ ಬಗ್ಗಿದಳು. ಚಿಗರಿ ನೀರು ಕುಡಿಯಲು ಬರಬಹುದಾದ ಒಂಬತ್ತು ಜಾಗಗಳಿಗೆ ಪೆನ್ಸಿಲ್ಲಿನಿಂದ ಸುತ್ತು ಹಾಕಿದಳು. ಆ ರಾತ್ರಿ ವೀರಣ್ಣನಿಗೆ ಊಟ ಸೇರಲಿಲ್ಲ.

ಆಗಸ್ಟಿನಲ್ಲಿ ಪರವಾನಗಿ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಕೌಂಟರಿಗೆ ಹೋದ. ಅವಳು ಚೀಲದಿಂದ ಉದ್ದನೆಯ ಲೆನ್ಸೊಂದನ್ನು ಹೊರತೆಗೆದಳು. "ಅಣ್ಣಂದು. ಯಾರಿಗೂ ಮುಟ್ಟೋಕೆ ಬಿಡಲ್ಲ. ನಿಮಗೋಸ್ಕರ ಕಾಡಿ ಬೇಡಿ ತಂದೆ."

ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. ಪರವಾನಗಿಯನ್ನು ಲೆನ್ಸಿನ ಪಕ್ಕ ಇಟ್ಟ.

"ಶೂಟಿಂಗ್ ಅಂದ್ರ ಕ್ಯಾಮೆರಾ ಅಲ್ರಿ. ಬಂದೂಕು." ಟಾಮ್, ಡಬ್ಬಿ, ಇರುವೆಗೆ ಸಕ್ಕರೆ ಹಾಕುತ್ತಿದ್ದ ಅಜ್ಜನ ಮೇಲೆ ಹೊರಿಸಿದ ಸುಳ್ಳು, ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದ. "ಮೊದಲ ದಿನಾನ ಹೇಳಬೇಕಿತ್ತು. ನಿಮ್ಮ ಮ್ಯಾಲೆ ಮನಸಾತು. ಆಮ್ಯಾಲೆ ಬಾಯೇ ಬರಲಿಲ್ಲ."

ಅವಳು ಮ್ಯಾಪನ್ನೇ ನೋಡುತ್ತಿದ್ದಳು. "ಅವು ಬಾಯಾರಿ ಬರೋ ಜಾಗಾನೆಲ್ಲ ನಾನೇ ಗುರುತು ಹಾಕಿ ಕೊಟ್ಟೆ," ಎಂದಳು. ಲೆನ್ಸನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. "ಟಾಮ್‌ಗೆ ಹೇಳಿದ್ರಾ?"

"ಇಲ್ರಿ."

ಕೌಂಟರಿನ ಫೋನನ್ನು ಅವನತ್ತ ತಳ್ಳಿದಳು. "ಇರುವೆ ಸಕ್ಕರೆ ವಿಷಯಾನೂ ಸೇರಿಸಿ ಹೇಳಿ."

ಹೇಳಿದ. ಆ ಕಡೆಯ ನಗು ಅವಳಿಗೂ ಕೇಳಿಸುವಷ್ಟು ಜೋರಾಗಿತ್ತು. ನಗು ಮುಗಿಯುವವರೆಗೆ ಕಿವಿಗೆ ಹಿಡಿದುಕೊಂಡಿದ್ದು, ತಾನು ಬರುವುದಿಲ್ಲ ಎಂದು ಇನ್ನೊಮ್ಮೆ ಹೇಳಿ ಫೋನಿಟ್ಟ. ಆಮೇಲೆ ಅವಳ ರಬ್ಬರನ್ನೇ ಎತ್ತಿಕೊಂಡು ಸುತ್ತುಗಳನ್ನು ಒಂದೊಂದಾಗಿ ಅಳಿಸತೊಡಗಿದ. ಎಂಟು ಅಳಿದವು. ಒಂಬತ್ತನೆಯದರ ಮೇಲೆ ಅವಳು ಅಂಗೈ ಇಟ್ಟಳು.

"ಇದೊಂದು ಇರಲಿ."

"ಯಾಕ್ರಿ?"

"ಶೂಟಿಂಗಿಗೆ. ನಮ್ಮೂರೋರು ಹೇಳೋ ಶೂಟಿಂಗಿಗೆ, ಕ್ಯಾಮೆರಾದ್ದು." ಲೆನ್ಸಿನ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. "ಅಣ್ಣನ ಲೆನ್ಸು ನಿಮ್ಮೊಬ್ಬರ ಕೈಗೆ ಕೊಡೋಕಾಗಲ್ಲ. ನಾನೂ ಬರ್ತೀನಿ."